ಒಂಬತ್ತು ಜನ ಹ್ಯಾವ್‌ಲಾಕ್‌ಗೆ ಹೊರಟಿದ್ದೀರಿ, ಒಂಬತ್ತೂ ಜನ ನೀರಿಗಿಳಿಯಲೇಬೇಕಾ?

ಪ್ರಶ್ನೆ: ನಾವು ಶಿರಸಿಯವರು. ಜನವರಿ ಕೊನೆಯ ವಾರ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೊರಟಿದ್ದೇವೆ. ನಮ್ಮ ಮನೆಯವರು, ಭಾವನ ಮನೆಯವರು, ಕಾರವಾರದ ಸ್ನೇಹಿತರ ಕುಟುಂಬ ಸೇರಿ 9 ಜನ. ರೆಸಾರ್ಟ್ ಪ್ಯಾಕೇಜಿನಲ್ಲೇ ಎಲ್ಲರಿಗೂ ಸ್ಕೂಬಾ ಡೈವಿಂಗ್ ಸೇರಿದೆ, ಅಡ್ವಾನ್ಸ್ ಕೊಟ್ಟಾಗಿದೆ. ಈಗ ಒಬ್ಬೊಬ್ಬರಿಗೆ ಒಂದೊಂದು ಚಿಂತೆ. ಚಿಕ್ಕವಳಿದ್ದಾಗ ನನ್ನ ಎಡಗಿವಿ ಸೋರುತ್ತಿತ್ತು. ನೀರಿನ ಒತ್ತಡಕ್ಕೆ ಕಿವಿ ತಮಟೆ ಒಡೆದುಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಭಾವನಿಗೆ 52 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಮಗನಿಗೆ 14, ಉಬ್ಬಸ ಇದೆ, ಇನ್‌ಹೇಲರ್ ಬಳಸುತ್ತಾನೆ. ಓರಗಿತ್ತಿಗೆ ಈಜು ಬರುವುದಿಲ್ಲ. ಅವರ ಮುಟ್ಟಿನ ದಿನಗಳೂ ಅದೇ ವಾರ ಬರಬಹುದು, ಶಾರ್ಕ್ ಬರುತ್ತದೆ ಎಂದು ಯಾರೋ ಹೇಳಿದ್ದಾರೆ. ಸ್ನೇಹಿತರ ಮಕ್ಕಳಿಬ್ಬರು, ಕಾಲೇಜಿನವರು, ಪೂರ್ತಿ ಕೋರ್ಸನ್ನೇ ಮಾಡುತ್ತಾರಂತೆ. ಕೊನೆಯ ದಿನ ಮಧ್ಯಾಹ್ನ 3ಕ್ಕೆ ಡೈವ್ ಮುಗಿಸಿ ಸಂಜೆ ಫೆರಿ ಹತ್ತುತ್ತೇವೆ, ಮರುದಿನ ಬೆಳಗ್ಗೆ 7:30ಕ್ಕೆ ವಿಮಾನ. ನಾವೆಲ್ಲ ಇಳಿಯಬಹುದಾ? ನಾನೊಬ್ಬಳು ಬೇಡ ಅಂದರೆ ಎಲ್ಲರ ಖುಷಿ ಹಾಳು ಮಾಡಿದ ಹಾಗಾಗುತ್ತದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಕಿವಿ, ಬಿಪಿ, ಉಬ್ಬಸ, ವಿಮಾನ, ಇವೆಲ್ಲಕ್ಕೂ ದಾರಿ ಇದೆ. ಆದರೆ "ನಾನು ಬೇಡ ಅಂದರೆ ಎಲ್ಲರ ಖುಷಿ ಹಾಳು" ಎಂಬ ಆ ಮಾತಿದೆಯಲ್ಲ, ಇಷ್ಟು ವರ್ಷ ಜನರನ್ನು ನೀರಿಗಿಳಿಸಿದ ನನಗೆ ಅದೇ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

ಯಾಕೆ ಎಂದು ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದೇ ಆಫೀಸಿನ ಎಂಟು ಹುಡುಗರು ಮುರುಡೇಶ್ವರಕ್ಕೆ ಬಂದಿದ್ದರು. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಹೊರಟ ಬೋಟಿನಲ್ಲಿ ಎಲ್ಲರ ಎದುರೇ ನಾನು ಕೇಳಿದೆ, "ಯಾರಿಗಾದರೂ ನೆಗಡಿ ಇದೆಯಾ?" ಎಲ್ಲರೂ ಇಲ್ಲ ಎಂದರು. ಅವರಲ್ಲಿ ಒಬ್ಬನಿಗೆ ಮೂರು ದಿನದಿಂದ ಮೂಗು ಕಟ್ಟಿತ್ತು. ಬೆಳಗ್ಗೆ ಮೂಗಿಗೆ ಸ್ಪ್ರೇ ಹೊಡೆದುಕೊಂಡು ಬಂದಿದ್ದ. ಇಳಿಯುವಾಗ ಎಲ್ಲ ಸರಿಯಾಗಿತ್ತು. ಕೆಳಗಿರುವಾಗಲೇ ಸ್ಪ್ರೇ ಕೆಲಸ ಮುಗಿಯಿತು. ಒಳಗಿನ ಪೊರೆ ಮತ್ತೆ ಊದಿಕೊಂಡು, ಹಣೆಯ ಸೈನಸ್‌ನಲ್ಲಿದ್ದ ಗಾಳಿಗೆ ಹೊರಬರುವ ದಾರಿ ಮುಚ್ಚಿತು. ಮೇಲೆ ಬರಲೇಬೇಕು, ಬಂದಷ್ಟೂ ಆ ಗಾಳಿ ಹಿಗ್ಗುತ್ತದೆ. ಮಾಸ್ಕ್‌ನ ಗಾಜಿನ ಹಿಂದೆ ಅವನ ಕಣ್ಣು ಅಗಲವಾಗಿದ್ದು ಇನ್ನೂ ನೆನಪಿದೆ. ನೀರಿನ ಮೇಲೆ ಬಂದು ಮಾಸ್ಕ್ ತೆಗೆದಾಗ ಅದರ ಕೆಳಗಿನ ಅಂಚಿನಲ್ಲಿ ನೀರು ಮತ್ತು ರಕ್ತ ನಿಂತಿತ್ತು. ಅದೃಷ್ಟಕ್ಕೆ ದೊಡ್ಡ ಅಪಾಯವಾಗಲಿಲ್ಲ. ಯಾಕಪ್ಪಾ ಹೇಳಲಿಲ್ಲ ಎಂದು ಕೇಳಿದರೆ, "ಎಲ್ಲರೂ ಇಷ್ಟು ದೂರ ಬಂದಿದ್ರಲ್ಲ ಸರ್" ಎಂದ. ತಪ್ಪು ಅವನೊಬ್ಬನದಲ್ಲ. ಏಳು ಜನ ಗೆಳೆಯರ ಎದುರು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಕಷ್ಟ ಎಂದು ನನಗೆ ಗೊತ್ತಿರಬೇಕಿತ್ತು. ಅಂದಿನಿಂದ ನಾನು ಒಬ್ಬೊಬ್ಬರನ್ನೇ ಬದಿಗೆ ಕರೆದು ಕೇಳುತ್ತೇನೆ.

ಡೈವಿಂಗ್‌ನಲ್ಲಿ ಹಳೆಯ ನಿಯಮವೊಂದಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆಯೂ "ಇವತ್ತು ನಾನು ಇಳಿಯುವುದಿಲ್ಲ" ಎನ್ನಬಹುದು. ಉಳಿದವರು ಯಾಕೆ ಎಂದು ಕೇಳುವಂತಿಲ್ಲ. ಸಾವಿರ ಡೈವ್ ಮಾಡಿದವರಿಗೂ ಇದೇ ನಿಯಮ. ಹೊರಡುವ ಮೊದಲೇ ಒಂಬತ್ತು ಜನರೂ ಕೂತು ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಭಾವನವರೇ ಹೇಳಿದರೆ ಇನ್ನೂ ಒಳ್ಳೆಯದು, ಹಿರಿಯರು ಹೇಳಿದರೆ ಕಿರಿಯರಿಗೆ ಧೈರ್ಯ ಬರುತ್ತದೆ.

ದುಡ್ಡಿನ ಒತ್ತಡವೂ ಸಣ್ಣದಲ್ಲ. "ಕಟ್ಟಿಯಾಗಿದೆ, ಸುಮ್ನೆ ಯಾಕೆ ಬಿಡೋದು" ಎಂದು ನೀರಿಗಿಳಿದವರನ್ನು ಬಹಳ ನೋಡಿದ್ದೇನೆ. ಈಗಲೇ ರೆಸಾರ್ಟ್‌ನವರನ್ನು ಕೇಳಿ: ಅದೇ ದಿನ ಬೆಳಗ್ಗೆ ಒಬ್ಬರು ಬೇಡ ಅಂದರೆ ಹಣ ವಾಪಸ್ ಬರುತ್ತದಾ? ಅದರ ಬದಲು ಸ್ನಾರ್ಕೆಲಿಂಗ್ (ಬಾಯಲ್ಲಿ ನಳಿಕೆ ಇಟ್ಟುಕೊಂಡು ನೀರಿನ ಮೇಲೆಯೇ ತೇಲುತ್ತ ಕೆಳಗೆ ನೋಡುವುದು) ಕೊಡುತ್ತಾರಾ? ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ.

ಈಗ ನಿಮ್ಮ ಕಿವಿ.

ನೀವು ಶಿರಸಿಯವರು, ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿಯೇ ಇರುತ್ತೀರಿ. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಕಿವಿ ಕಟ್ಟಿದ ಹಾಗಾಗಿ, ಉಗುಳು ನುಂಗಿದರೆ 'ಟಕ್' ಎಂದು ಬಿಡುತ್ತದೆ ಅಲ್ವಾ? ಡೈವಿಂಗ್‌ನಲ್ಲಿ ಆಗುವುದೂ ಅದೇ. ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆ ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಕಿರಿದಾದ ನಳಿಕೆ. ಹೊರಗಿನ ಒತ್ತಡ ಹೆಚ್ಚಾದರೆ ತಮಟೆ ಒಳಕ್ಕೆ ಬಾಗುತ್ತದೆ. ನಳಿಕೆ ತೆರೆದು ಒಳಗೂ ಗಾಳಿ ಹೋದರೆ ಎರಡೂ ಕಡೆ ಸಮವಾಗಿ ತಮಟೆ ನೆಟ್ಟಗಾಗುತ್ತದೆ.

ವ್ಯತ್ಯಾಸ ಇರುವುದು ವೇಗದಲ್ಲಿ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಷ್ಟೂ ಇಳಿದು ಕುಮಟೆ ಸೇರಿದಾಗ ಕಿವಿಯ ಮೇಲೆ ಹೆಚ್ಚುವ ಒತ್ತಡ, ನೀರಿನಲ್ಲಿ ಬರೀ ಮುಕ್ಕಾಲು ಮೀಟರ್ ಇಳಿದಷ್ಟು. ಹೌದು, ಇಡೀ ಘಟ್ಟ ಸೇರಿ ಸುಮಾರು ಒಂದೂವರೆ ಮೊಳ ನೀರು! 10 ಮೀಟರ್ ಆಳಕ್ಕೆ ಹೋದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಹಾಗಾಗಿ ಆಳಕ್ಕೆ ಹೋದ ಮೇಲೆ ಕಿವಿ ನೋಯುತ್ತದೆ ಎನ್ನುವುದು ತಪ್ಪು ಕಲ್ಪನೆ. ತೊಂದರೆ ಶುರುವಾಗುವುದು ಮೊದಲ ಒಂದೆರಡು ಮೀಟರ್‌ನಲ್ಲೇ, ಇನ್ನೂ ಬೋಟಿನ ತಳ ತಲೆಯ ಮೇಲೆ ಕಾಣುತ್ತಿರುವಾಗಲೇ. ನೋವು ಬಂದ ಮೇಲೆ ಮೂಗು ಹಿಡಿದು ಊದಿದರೆ ತಡವಾಯಿತು. ಅಷ್ಟರಲ್ಲಿ ಒತ್ತಡಕ್ಕೆ ನಳಿಕೆಯ ಬಾಯಿ ಮುಚ್ಚಿಕೊಂಡಿರುತ್ತದೆ. ನೋವು ಬರುವ ಮೊದಲೇ, ಪ್ರತಿ ಅರ್ಧ ಮೀಟರ್‌ಗೊಮ್ಮೆ, ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಬೇಕು, ಇಲ್ಲವೇ ಮೂಗು ಹಿಡಿದು ಉಗುಳು ನುಂಗಬೇಕು. ಬಿಡಲಿಲ್ಲವಾ? ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಆಗಲೂ ಬಿಡದಿದ್ದರೆ ಆ ದಿನದ ಡೈವ್ ಅಲ್ಲಿಗೇ ಮುಗಿಯಿತು. ಜೋರಾಗಿ ಊದಲೇಬಾರದು, ಒಳಗಿವಿಗೆ ಪೆಟ್ಟಾಗಬಹುದು. ಕಿವಿಗೆ ಹತ್ತಿ, ಇಯರ್‌ಪ್ಲಗ್ ಏನೂ ಇಡಬೇಡಿ. ಎಣ್ಣೆ ಬಿಟ್ಟುಕೊಂಡರೂ ಉಪಯೋಗವಿಲ್ಲ.

ಅಂದರೆ ಆರೋಗ್ಯವಾಗಿರುವ ಕಿವಿ, ನಿಧಾನಕ್ಕೆ ಇಳಿದರೆ, ಸುಮ್ಮಸುಮ್ಮನೆ ಒಡೆಯುವುದಿಲ್ಲ. ಆದರೆ ನಿಮ್ಮದು ಸೋರುತ್ತಿದ್ದ ಕಿವಿ. ಅದು ಬೇರೆ ವಿಷಯ. ಸೋರುವ ಕಿವಿಯ ತಮಟೆಯಲ್ಲಿ ಸಾಮಾನ್ಯವಾಗಿ ತೂತಿರುತ್ತದೆ. ನಿಮ್ಮದು ಮುಚ್ಚಿದೆಯೋ ಇಲ್ಲವೋ ಎಂದು ಕಿವಿ-ಮೂಗು-ಗಂಟಲು ಡಾಕ್ಟರು ಒಳಗೆ ನೋಡಿಯೇ ಹೇಳಬೇಕು. ತೂತು ಇನ್ನೂ ಇದ್ದರೆ ತಣ್ಣನೆಯ ನೀರು ನೇರ ನಡುಗಿವಿಗೆ ಹೋಗಿ ನೀರಿನೊಳಗೇ ತಲೆ ಗಿರ್ರೆಂದು ತಿರುಗುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಆಮೇಲೆ ಸೋಂಕು ಬೇರೆ. ಹಾಗಿದ್ದರೆ ಡೈವಿಂಗ್ ಬೇಡವೇ ಬೇಡ. ಮುಚ್ಚಿದ್ದರೆ, ಮೂಗು ಹಿಡಿದು ಊದುವಾಗ ತಮಟೆ ಸರಿಯಾಗಿ ಅಲುಗುತ್ತದಾ ಎಂದು ಡಾಕ್ಟರ ಹತ್ತಿರವೇ ನೋಡಿಸಿಕೊಳ್ಳಿ. "ಸಮುದ್ರದಲ್ಲಿ ಸ್ಕೂಬಾ ಮಾಡಬೇಕೆಂದಿದ್ದೇನೆ" ಎಂದು ಬಿಡಿಸಿ ಹೇಳಿ. ಸುಮ್ನೆ "ಕಿವಿ ನೋಡಿ" ಎಂದರೆ ಅವರು ನೋಡುವ ರೀತಿಯೇ ಬೇರೆ.

ಭಾವನವರ ವಿಷಯ. ಡೈವಿಂಗ್ ಮುಂಚೆ ಕೊಡುವ ಆರೋಗ್ಯದ ಫಾರ್ಮ್‌ನಲ್ಲಿ 45 ದಾಟಿದವರಿಗೆ ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟಿನ ಬಗ್ಗೆ ಬೇರೆಯೇ ಪ್ರಶ್ನೆ ಇದೆ. ಹೌದು ಎಂದು ಬರೆದರೆ ಡಾಕ್ಟರ ಸಹಿ ಬೇಕು. ಇದು ಸುಮ್ನೆ ಕಾಗದದ ಕೆಲಸವಲ್ಲ. ನೀರಿನಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆಯ ಕಡೆ ಬರುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿ. ಅದರ ಮೇಲೆ ತೆರೆ, ಗಾಬರಿ, ಬೋಟು ಹತ್ತುವ ಶ್ರಮ. ವಯಸ್ಸಾದ ಡೈವರ್‌ಗಳ ಸಾವಿಗೆ ಹೃದಯದ ತೊಂದರೆಯೂ ಒಂದು ಮುಖ್ಯ ಕಾರಣ. ಕೆಲವು ಬಿಪಿ ಮಾತ್ರೆಗಳು ಶ್ರಮ ಬಿದ್ದಾಗ ಹೃದಯದ ವೇಗ ಏರಲು ಬಿಡುವುದಿಲ್ಲ, ಹಾಗಾಗಿ ಮಾತ್ರೆಯ ಚೀಟಿ ತೋರಿಸಲೇಬೇಕು. ಬಿಪಿ ಹಿಡಿತದಲ್ಲಿದ್ದು, ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದ್ದು, ಡಾಕ್ಟರು ಒಪ್ಪಿದರೆ ಇಳಿಯಬಹುದು. 52 ಎನ್ನುವುದು ಅಡ್ಡಿಯಲ್ಲ, 60 ದಾಟಿದವರನ್ನೂ ನಾನು ಕರೆದುಕೊಂಡು ಹೋಗಿದ್ದೇನೆ. ದಯವಿಟ್ಟು ಫಾರ್ಮ್‌ನಲ್ಲಿ ಎಲ್ಲದಕ್ಕೂ 'ಇಲ್ಲ' ಎಂದು ಟಿಕ್ ಹಾಕಿಸಬೇಡಿ. ಎಷ್ಟೋ ಕಡೆ ಆ ಫಾರ್ಮ್ ಬೋಟು ಹತ್ತುವಾಗ ಕೈಗೆ ಕೊಡುತ್ತಾರೆ, ಓದಲೂ ಪುರುಸೊತ್ತಿರುವುದಿಲ್ಲ. ಈಗಲೇ ತರಿಸಿಕೊಂಡು ಮನೆಯಲ್ಲಿ ಕೂತು ತುಂಬಿ.

ನಿಮ್ಮ ಓರಗಿತ್ತಿಯವರಿಗೆ ಸಮಾಧಾನ ಹೇಳಿ. ಮುಟ್ಟಿನ ರಕ್ತಕ್ಕೆ ಶಾರ್ಕ್ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹೆಣ್ಣುಮಕ್ಕಳು ದಶಕಗಳಿಂದ ಡೈವ್ ಮಾಡುತ್ತಿದ್ದಾರೆ. ಟ್ಯಾಂಪೂನ್ ಅಥವಾ ಕಪ್ ಬಳಸಬಹುದು. ಹೊಟ್ಟೆನೋವು, ಸುಸ್ತು ಜಾಸ್ತಿ ಇದ್ದರೆ ಮಾತ್ರ ಬೇಡ. ಗರ್ಭಿಣಿಯರು ಇಳಿಯಬಾರದು, ಅದು ನಿಜ.

ಈಜು ಬರದಿದ್ದರೂ ಟ್ರೈ ಡೈವ್, ಅಂದರೆ ಕೋರ್ಸ್ ಮಾಡದವರು ಇನ್‌ಸ್ಟ್ರಕ್ಟರ್ ಜೊತೆ ಇಳಿದು ನೋಡುವ ಡೈವ್, ಮಾಡಬಹುದು. ಅದರ ಆಳದ ಮಿತಿ 12 ಮೀಟರ್, ಮೊದಲ ಸಲದವರನ್ನು ನಾವು ಅದಕ್ಕಿಂತ ಕಡಿಮೆಯಲ್ಲೇ ಇಡುತ್ತೇವೆ. ಇನ್‌ಸ್ಟ್ರಕ್ಟರ್ ಪೂರ್ತಿ ಹೊತ್ತು ಹಿಡಿದುಕೊಂಡೇ ಇರಬೇಕು. ಕಾಲೇಜು ಮಕ್ಕಳ ಕೋರ್ಸ್‌ಗೆ ಮಾತ್ರ ಈಜು ಬೇಕೇ ಬೇಕು: ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ನಾಲ್ಕು ಸಮುದ್ರ ಡೈವ್ ಇರುತ್ತದೆ, ಮೂರು ನಾಲ್ಕು ದಿನ ಬೇಕು. ನಿಮ್ಮ ಪ್ರವಾಸದಲ್ಲಿ ಅವರಿಗೆ ಬೇರೇನೂ ನೋಡಲು ಸಮಯ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ನಿಜ ಹೇಳಬೇಕೆಂದರೆ ನಮ್ಮ ಕಡೆ ಕೆರೆ, ಹೊಳೆ, ಬಾವಿಯಲ್ಲಿ ಚೆನ್ನಾಗಿ ಈಜಿ ಬೆಳೆದವರಿಗೇ ನಾನು ಹೆಚ್ಚು ಹೇಳಬೇಕಾಗುತ್ತದೆ. ಮುಳುಗುವಾಗ ಉಸಿರು ಕಟ್ಟುವುದು ಅವರಿಗೆ ಮೈಯಲ್ಲೇ ಬಂದಿರುತ್ತದೆ. ಸ್ಕೂಬಾದಲ್ಲಿ ಅದೇ ದೊಡ್ಡ ಅಪಾಯ. ಕೆರೆಯಲ್ಲಿ ಮುಳುಗುವಾಗ ಎದೆಯಲ್ಲಿರುವುದು ಮೇಲೆ ತೆಗೆದುಕೊಂಡ ಗಾಳಿ. ಸಿಲಿಂಡರಿನಿಂದ ಉಸಿರಾಡುವಾಗ ಎದೆ ತುಂಬುವುದು ಆ ಆಳದ ಒತ್ತಡದ ಗಾಳಿ. 10 ಮೀಟರ್‌ನಲ್ಲಿ ಎದೆ ತುಂಬಾ ಉಸಿರೆಳೆದು, ಕಟ್ಟಿಕೊಂಡೇ ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು. ಒಂದೆರಡು ಮೀಟರ್ ಆಳದಿಂದ ಬಂದರೂ ಇದು ಆಗಬಹುದು. ಒಂದೇ ಒಂದು ಮಾತು ನೆನಪಿಡಿ ಎಂದರೆ ಇದನ್ನೇ ಹೇಳುತ್ತೇನೆ: ಉಸಿರಾಡುತ್ತಲೇ ಇರಿ, ಎಂದೂ ಕಟ್ಟಬೇಡಿ. (ಅಂದ ಹಾಗೆ ಆ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ. ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ 6 ಮೀಟರ್ ದಾಟಿದರೆ ವಿಷವಾಗಬಲ್ಲದು.)

ಉಬ್ಬಸ ಇರುವ ಹುಡುಗನ ಬಗ್ಗೆ ನನಗೆ ಚಿಂತೆ ಇರುವುದೂ ಇದೇ ಕಾರಣಕ್ಕೆ. ಅವನು ಉಸಿರು ಕಟ್ಟದಿದ್ದರೂ, ಶ್ವಾಸನಾಳ ಬಿಗಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಸಿಲಿಂಡರಿನ ಗಾಳಿ ಒಣಗಿರುತ್ತದೆ, ತಣ್ಣಗಿರುತ್ತದೆ. ಕೆಲವರಿಗೆ ಅದೇ ಉಬ್ಬಸ ಎಬ್ಬಿಸುತ್ತದೆ. ಉಬ್ಬಸ ಇದ್ದವರೆಲ್ಲ ಎಂದೂ ಇಳಿಯಬಾರದು ಎಂದೇನಲ್ಲ. ಶ್ವಾಸಕೋಶದ ಡಾಕ್ಟರು ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ) ಮಾಡಿ ನೋಡಿ, ಓಡಿದಾಗ, ತಣ್ಣನೆ ಗಾಳಿಗೆ ಬರುವುದಿಲ್ಲ ಎಂದು ಖಚಿತಪಡಿಸಿ ಬರೆದುಕೊಟ್ಟರೆ ಮಾತ್ರ ಯೋಚಿಸಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ, ಈ ಪ್ರವಾಸದಲ್ಲಿ ಅವನನ್ನು ಸಿಲಿಂಡರ್ ಕಟ್ಟಿ ಇಳಿಸುವುದಿಲ್ಲ. "ಹಾಗಿದ್ರೆ ಸೀ ವಾಕ್ ಮಾಡಲಿ" ಎಂದು ಯಾರಾದರೂ ಹೇಳುತ್ತಾರೆ. ಅಲ್ಲಿ ತಲೆಗೆ ಹೆಲ್ಮೆಟ್ ಹಾಕಿ ಒತ್ತಡದ ಗಾಳಿಯನ್ನೇ ಕೊಡುವುದು. ಕಿವಿಗೂ ಎದೆಗೂ ಅದೇ ನಿಯಮ, ಅದೇ ಅಪಾಯ.

ವಿಮಾನದ ಲೆಕ್ಕ ನೋಡೋಣ. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ರಕ್ತಕ್ಕೆ, ಮಾಂಸಕ್ಕೆ ಕರಗುತ್ತದೆ. ಹೊರಹೋಗಲು ಅದಕ್ಕೆ ಸಮಯ ಬೇಕು. ಅಷ್ಟರಲ್ಲಿ ವಿಮಾನ ಹತ್ತಿದರೆ ಒಳಗಿನ ಒತ್ತಡ ಇನ್ನೂ ಕಡಿಮೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಅಥವಾ ಸತತ ದಿನಗಳ ಡೈವ್ ಆದರೆ ಕನಿಷ್ಠ 18 ಗಂಟೆ ಬಿಡಬೇಕು. ನಿಮ್ಮದು 3 ಗಂಟೆಯಿಂದ 7:30ರವರೆಗೆ ಹದಿನಾರೂವರೆ ಗಂಟೆ. ಒಂದೇ ಟ್ರೈ ಡೈವ್ ಮಾಡಿದವರಿಗೆ ನಡೆಯುತ್ತದೆ, ಕೋರ್ಸ್ ಮಾಡುವ ಮಕ್ಕಳಿಗೆ ನಡೆಯುವುದಿಲ್ಲ. ಸುಲಭದ ದಾರಿ ಎಂದರೆ ದಿನಗಳನ್ನು ಅದಲುಬದಲು ಮಾಡಿ. ಡೈವಿಂಗ್ ಎಲ್ಲ ಮೊದಲ ದಿನಗಳಲ್ಲಿ ಮುಗಿಯಲಿ. ರಾಧಾನಗರ ಬೀಚ್ ಮತ್ತು ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲು ಕೊನೆಗಿರಲಿ. (ಪೋರ್ಟ್ ಬ್ಲೇರ್ ಈಗ ಶ್ರೀ ವಿಜಯಪುರಂ, ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ. ಟಿಕೆಟ್ ಮೇಲೆ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ.) ಹ್ಯಾವ್‌ಲಾಕ್‌ನಿಂದ ಹೊರಡಲು ಫೆರಿಯೇ ಗತಿ. ಸಮುದ್ರ ಕೆಟ್ಟರೆ ಫೆರಿ ನಿಲ್ಲುತ್ತದೆ. ಅದಕ್ಕೂ ಒಂದು ದಿನ ಕೈಯಲ್ಲಿರುವುದು ಒಳ್ಳೆಯದು.

ಡೈವ್ ಆದ ಒಂದೆರಡು ದಿನದೊಳಗೆ ಕೀಲು ನೋವು, ಜುಮ್ಮೆನ್ನುವುದು, ಮೈಮೇಲೆ ಗಂಧೆ, ತಲೆಸುತ್ತು, ಕಾರಣವಿಲ್ಲದ ವಿಪರೀತ ಸುಸ್ತು, ಇವುಗಳಲ್ಲಿ ಯಾವುದು ಕಂಡರೂ "ಪ್ರಯಾಣದ ಸುಸ್ತು" ಎಂದು ಮಲಗಬೇಡಿ. ತಕ್ಷಣ ಡೈವ್ ಸೆಂಟರಿಗೆ, ಡಾಕ್ಟರಿಗೆ ಹೇಳಿ. ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ, ಹತ್ತಿರದ ರಿಕಂಪ್ರೆಷನ್ ಚೇಂಬರ್ (ಮತ್ತೆ ಒತ್ತಡದಲ್ಲಿಟ್ಟು ಆ ಗುಳ್ಳೆಗಳಿಗೆ ಚಿಕಿತ್ಸೆ ಕೊಡುವ ಕೋಣೆ) ಎಲ್ಲಿದೆ ಎಂದು ಬುಕಿಂಗ್ ಮಾಡುವಾಗಲೇ ಕೇಳಿ. ತಡವರಿಸದೆ ಉತ್ತರ ಕೊಡುವವರ ಹತ್ತಿರ ಹೋಗಿ. ಹೊಸಬರಿಗೆ ತಲಾ ಒಬ್ಬ ಇನ್‌ಸ್ಟ್ರಕ್ಟರ್ ಇರುತ್ತಾರಾ ಎಂದೂ ಕೇಳಿ. ಬೇರೆ ಕಡೆ ಒಬ್ಬರು ನಾಲ್ವರನ್ನು ನೋಡಿಕೊಳ್ಳುವುದುಂಟು. ನಿಮ್ಮ ಗುಂಪಿಗೆ ಅದು ಸಾಲದು.

ನನ್ನ ಸಲಹೆ ಒಂದಿದೆ. ಅಷ್ಟು ದೂರ ಹೋಗುವ ಮೊದಲು, ಡಿಸೆಂಬರ್‌ನಲ್ಲಿ ಡಾಕ್ಟರು ಒಪ್ಪಿದವರು ಮಾತ್ರ ಮುರುಡೇಶ್ವರಕ್ಕೆ ಬಂದು ನೇತ್ರಾಣಿಯಲ್ಲಿ ಒಂದು ಟ್ರೈ ಡೈವ್ ಮಾಡಿ. ದಡದಿಂದ ಸುಮಾರು 19 ಕಿ.ಮೀ. ಮಳೆಗಾಲ ಕಳೆದು ಆ ಹೊತ್ತಿಗೆ ನೀರು ತಿಳಿಯಾಗಿರುತ್ತದೆ. ಕಿವಿ ಬಿಡುತ್ತದಾ, ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಲ್ಲಿ ಇಟ್ಟುಕೊಂಡರೆ ಗಾಬರಿಯಾಗುತ್ತದಾ, ಬೋಟಿನಲ್ಲಿ ವಾಂತಿ ಬರುತ್ತದಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹಿಡಿಸದಿದ್ದರೆ ಅಂದೇ ಮನೆಗೆ ಹೋಗಬಹುದು, ಯಾರ ಪ್ರವಾಸವೂ ಕೆಡುವುದಿಲ್ಲ. ಬೆಳಗ್ಗೆ ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ಬೇಡ. ಖಾಲಿ ಹೊಟ್ಟೆಯೂ ಬೇಡ. ಬೋಟಿನಲ್ಲಿ ಡೀಸೆಲ್ ಹೊಗೆಯಿಂದ ದೂರ ಕೂತು ದಿಗಂತ ನೋಡುತ್ತಿರಿ. ಇನ್ನೊಂದು ವಿಷಯ, ಘಟ್ಟದ ಮೇಲಿನವರು ಇದನ್ನು ಗಮನಿಸಬೇಕು. ವಿಮಾನದ ಆ ನಿಯಮ ಅನ್ವಯಿಸುವುದು ಸುಮಾರು 600 ಮೀಟರ್ ಎತ್ತರದಿಂದ. ಶಿರಸಿ ಸರಿಯಾಗಿ ಆ ಅಂಚಿನಲ್ಲಿದೆ. ಆಳವಿಲ್ಲದ ಒಂದು ಟ್ರೈ ಡೈವ್ ಮುಗಿಸಿ ಮಧ್ಯಾಹ್ನ ಊಟ ಮಾಡಿ ಸಂಜೆ ನಿಧಾನಕ್ಕೆ ಘಟ್ಟ ಹತ್ತಿದರೆ ಚಿಂತೆಯಿಲ್ಲ. ಎರಡು ಮೂರು ಡೈವ್ ಮಾಡಿದ ದಿನ ಮಾತ್ರ ರಾತ್ರಿ ಕೆಳಗೇ ಉಳಿದುಬಿಡಿ.

ನೀರಿಗಿಳಿಯುವ ಮೊದಲು ಕೈಸನ್ನೆ ಹೇಳಿಕೊಡುತ್ತಾರೆ, ಅದನ್ನು ಗಮನವಿಟ್ಟು ಕೇಳಿ. ಖುಷಿಯಾಗಿ ಹೆಬ್ಬೆರಳು ಎತ್ತಿ ತೋರಿಸುವುದು ನಮಗೆಲ್ಲ ಅಭ್ಯಾಸ. ನೀರಿನೊಳಗೆ ಅದರ ಅರ್ಥ "ನನ್ನನ್ನು ಮೇಲೆ ಕರೆದುಕೊಂಡು ಹೋಗಿ" ಎಂದು. ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ಏನೋ ಸರಿಯಿಲ್ಲ ಎನ್ನಲು ಅಂಗೈ ಬಿಚ್ಚಿ ಆಚೀಚೆ ಅಲುಗಿಸಿ, ಕಿವಿಯಾದರೆ ಕಿವಿ ಮುಟ್ಟಿ ತೋರಿಸಿ.

ಇನ್ನು ಆ ಹುಡುಗ. ಅವನನ್ನು ರೂಮಿನಲ್ಲಿ ಬಿಟ್ಟು ಹೋಗಬೇಡಿ. ಉಬ್ಬಸ ಹಿಡಿತದಲ್ಲಿದ್ದು ಅವನ ಡಾಕ್ಟರು ಬೇಡ ಅನ್ನದಿದ್ದರೆ, ಲೈಫ್ ಜಾಕೆಟ್ ಹಾಕಿ, ಜೊತೆಗೊಬ್ಬ ಗೈಡ್ ಇಟ್ಟು, ನೀವು ಇಳಿಯುವ ಆಳವಿಲ್ಲದ ಜಾಗದಲ್ಲೇ ಸ್ನಾರ್ಕೆಲ್ ಮಾಡಲಿ. ಇನ್‌ಹೇಲರ್ ಬೋಟಿನಲ್ಲಿರುವವರ ಕೈಯಲ್ಲಿರಲಿ. ಹ್ಯಾವ್‌ಲಾಕ್‌ನ ನೀಮೋ ರೀಫ್‌ನಂಥ ಕಡೆ ಹವಳ, ಅದರ ಮೇಲಿನ ಮೀನು ಮೇಲಿನಿಂದಲೇ ಕಾಣುತ್ತದೆ. ಅವನು ಮುಖ ಕೆಳಗೆ ಮಾಡಿ ತೇಲುತ್ತಿದ್ದರೆ ಅಪ್ಪ ಉಸಿರು ಬಿಟ್ಟಾಗಲೆಲ್ಲ ಬೆಳ್ಳಗೆ ಏಳುವ ಗುಳ್ಳೆಗಳು ಅವನ ಮಾಸ್ಕ್‌ಗೇ ಬಂದು ತಾಗುತ್ತವೆ. ಮಾಸ್ಕ್ ಮಾತ್ರ ಅವನ ಮುಖಕ್ಕೆ ಸರಿಹೊಂದುವುದನ್ನೇ ತೆಗೆದುಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಲಿ. ಬೀಳದೆ ನಿಂತರೆ ಅದು ಅವನ ಮಾಸ್ಕ್.